ಗುಂಡಿನ ಸರದ ಏಳು ತಗ್ಗುಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹನ್ನೆರಡು ವರ್ಷದ ನನ್ನ ಕಸುಬಿನಲ್ಲಿ ಅತ್ಯಂತ ಅಚ್ಚುಕಟ್ಟಾಗಿ, ಯಾರ ಸಹಾಯವೂ ಇಲ್ಲದೆ, ಮೇಲೊಂದು ಗೀರೂ ಉಳಿಯದಂತೆ ನಾನು ಮಾಡಿದ ಕೆಲಸವೆಂದರೆ ಒಬ್ಬ ತಾಯಿಯ ಸರದ ಏಳು ಚಿನ್ನದ ಗುಂಡುಗಳನ್ನು ಕೆಡಿಸಿದ್ದು. ಕದಿಯಲಿಲ್ಲ, ಕಳೆಯಲಿಲ್ಲ, ತಪ್ಪಿ ಕರಗಿಸಲೂ ಇಲ್ಲ. ರಿಪೇರಿ ಮಾಡಿದೆ. ಅದೂ ಪುಕ್ಕಟೆಯಾಗಿ, ದೊಡ್ಡ ಮನಸ್ಸಿನಿಂದ, ಒಳಗೊಳಗೇ ನನಗೆ ನಾನೇ ಒಂದು ಹಾರ ಹಾಕಿಕೊಂಡು.

ನಾನೀಗ ನಿವೃತ್ತ. ವಯಸ್ಸು ಮೂವತ್ತಾರು. ಬ್ಯಾಂಕಿನ ಫಾರಂನಲ್ಲಿ ಉದ್ಯೋಗ ಎಂಬ ಕಡೆ ‘ನಿವೃತ್ತ’ ಎಂದು ಬರೆದಾಗ ಕೌಂಟರಿನ ಮೇಡಂ ನನ್ನ ಮುಖ ನೋಡಿ, ಫಾರಂ ನೋಡಿ, ಮತ್ತೆ ಮುಖ ನೋಡಿ, “ಎಲ್ಲಿಂದ ಸಾರ್, ಸ್ಕೂಲಿಂದಾನಾ?” ಎಂದರು. ಆಸಿಡ್ಡಿನ ಆವಿ, ಅರಗಿನ ಹೊಗೆ, ಪಾಲಿಶ್ ಚಕ್ರದ ದೂಳು ಮೂರೂ ಸೇರಿ ನನ್ನ ಎದೆಯೊಳಗೆ ಸಂಸಾರ ಹೂಡಿದ್ದವು. ಬನಶಂಕರಿಯ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು, “ಒಳಗೆ ಯಾರೋ ಪೀಪಿ ಊದ್ತಿದಾರಲ್ರೀ” ಎಂದರು. “ನಾನೇ ಸಾರ್, ಮಿಮಿಕ್ರಿ ಮಾಡ್ತೀನಿ” ಎಂದೆ. ಅವರು ನಗಲಿಲ್ಲ. ಕೆಲಸ ಬಿಡಿಸಿದರು. ಈಗ ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿ ಕೂತಿರುತ್ತೇನೆ. ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ನಾಲ್ಕು ಜನರ ದನಿ ತೆಗೆಯುತ್ತೇನೆ. ಒಂದು ಜೇಬಿನಲ್ಲಿ ಕರ್ಚೀಫು, ಇನ್ನೊಂದರಲ್ಲಿ ಇನ್‌ಹೇಲರು.

ಕೆಲಸ ಬಿಟ್ಟು ಎರಡು ವರ್ಷವಾದರೂ ಬೆರಳಿಗೆ ಅದು ತಿಳಿದಿಲ್ಲ. ಕಾಫಿ ಲೋಟ ಹಿಡಿದರೆ ಹೆಬ್ಬೆರಳು ಅದರ ಅಂಚನ್ನು ಸವರಿ ಒರಟು ಹುಡುಕುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಸರದ ಕೊಂಡಿ ಸವೆದದ್ದು ಕಂಡರೆ ಹೇಳಲೋ ಬೇಡವೋ ಎಂದು ಒದ್ದಾಡಿ ನಾಲ್ಕು ಸ್ಟಾಪು ದಾಟುತ್ತೇನೆ. ಹೇಳಿದರೆ ನನ್ನನ್ನೇ ಸರಗಳ್ಳ ಅಂದುಕೊಂಡಾರು ಎಂದು ಇಳಿದುಬಿಡುತ್ತೇನೆ.

ಡಿಸೈನ್ ಕೋರ್ಸು ಮುಗಿಸಿ ಈ ಕಸುಬಿಗೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕಾಫಿಗೆ ಕರೆದು, “ಅಣ್ಣ, ಏನಾದ್ರೂ ಟಿಪ್ಸ್ ಕೊಡಿ” ಅನ್ನುತ್ತಾರೆ. ಮಾಸ್ಕ್ ಹಾಕಿಕೊಳ್ಳಿ ಅನ್ನುತ್ತೇನೆ. ಅದು ಬಿಟ್ಟು ಇನ್ನೇನು ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಹಳೆಯದನ್ನು ಹೊಸದು ಮಾಡುವುದು. ಅಜ್ಜಿಯದೋ ಅಮ್ಮನದೋ ಒಡವೆಯನ್ನು ಜನ ಕರ್ಚೀಫಿನಲ್ಲಿ ಗಂಟು ಕಟ್ಟಿ ತರುತ್ತಾರೆ. ಅದನ್ನು ಬಿಚ್ಚಿ, ಕರಗಿಸಿ, ಅವರ ಆಸೆಯಂತೆ ಬೇರೆ ಒಡವೆ ಮಾಡಿಕೊಡಬೇಕು. ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಜಾಗ. ಯಜಮಾನರು ನಂಜುಂಡಾಚಾರ್ರು, ಒಳಗೆ ಕುಲುಮೆಯ ಮುಂದೆ ಅವರು, ಹೊರಗೆ ಕೌಂಟರಿನಲ್ಲಿ ನಾನು. ಗಿರಾಕಿಗಳ ಮಾತು ಕೇಳುವುದು, ಚಿತ್ರ ಬರೆಯುವುದು ನನ್ನ ಪಾಲು. ಬಿಡುವಿದ್ದಾಗ ಒಳಗೆ ಹೋಗಿ ಕಲಿಯುವುದು. ಆಚಾರ್ರು ಪ್ರತಿ ಮಾತಿಗೂ ಮೊದಲು ಗಂಟಲಲ್ಲಿ “ಹ್ಞಾಂ...” ಎಂದು ಒಂದು ಸೀಟು ಕಾದಿರಿಸಿಕೊಳ್ಳುತ್ತಿದ್ದರು. ನಾನದನ್ನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆ ಎಂದರೆ, ಒಮ್ಮೆ ಕೆಳಗಿನ ಟೈಲರು ನನ್ನ “ಹ್ಞಾಂ” ಕೇಳಿ ಎರಡು ಕಾಫಿ ಕಳಿಸಿದ್ದ.

ಗಿರಾಕಿಗಳನ್ನೂ ಬಿಡುತ್ತಿರಲಿಲ್ಲ. ತ್ಯಾಗರಾಜನಗರದ ಆಂಟಿಯೊಬ್ಬರು ಒಂದು ಪದಕದ ಚಿತ್ರವನ್ನು ಹನ್ನೊಂದು ಸಲ ತಿದ್ದಿಸಿದರು. ಅವರು ಮೆಟ್ಟಿಲಿಳಿದ ಕೂಡಲೇ ನಾನು ಆಚಾರ್ರ ಮುಂದೆ ಕತ್ತು ಓರೆ ಮಾಡಿ, “ಚೆನ್ನಾಗಿದೆ ಕಣಪ್ಪ, ಇದೇ ಇರ್ಲಿ, ಆದ್ರೆ ಪೂರ್ತಿ ಬೇರೆ ಥರ” ಎಂದೆ. ಮರೆತ ಛತ್ರಿಗಾಗಿ ಅವರು ವಾಪಸು ಬಂದು ಬಾಗಿಲಲ್ಲೇ ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಹಡಿಯ ಮೇಲೆ ಅದೂ ಕಷ್ಟ. ಅವರು ಛತ್ರಿ ತೆಗೆದುಕೊಂಡು, “ನನ್ನ ದನಿ ಇನ್ನೂ ಸ್ವಲ್ಪ ಸಣ್ಣ. ತಿದ್ಕೋ” ಎಂದು ಹೋದರು. ಹನ್ನೆರಡನೇ ತಿದ್ದುಪಡಿ.

ಆಚಾರ್ರಿಂದ ನಾನು ಕಲಿತದ್ದರಲ್ಲಿ ಅರ್ಧ ಚಿನ್ನದ ವಿಷಯವೇ ಅಲ್ಲ. ಒಮ್ಮೆ ಒಬ್ಬ ಹುಡುಗ ಅಜ್ಜಿಯ ವಂಕಿ ತಂದ. ತಾನು ಮದುವೆಯಾಗುವ ಹುಡುಗಿಗೆ ಅದರಿಂದ ಬಳೆ ಮಾಡಿಸಬೇಕೆಂದು ಅವನ ಆಸೆ. ಆಚಾರ್ರು ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆದು, ಹನಿ ಆಸಿಡ್ ಬಿಟ್ಟರು. ಗೆರೆ ಮಾಯ. ಹಿತ್ತಾಳೆ, ಮೇಲೆ ಚಿನ್ನದ ಲೇಪ. ಆಚಾರ್ರು ಕಲ್ಲನ್ನು ಒರೆಸಿ ಪಕ್ಕಕ್ಕಿಟ್ಟರು. “ಹ್ಞಾಂ... ಇಂಥಾ ಕೆತ್ತನೆ ಈಗ ಯಾರ ಕೈಲೂ ಆಗಲ್ಲಪ್ಪ. ಇದನ್ನ ಕರಗಿಸಿದ್ರೆ ನನ್ನ ಕೈಗೆ ಪಾಪ ಸುತ್ಕೊಳ್ಳತ್ತೆ. ಹಂಗೇ ಇಟ್ಕೋ.” ಹುಡುಗ ವಂಕಿಯನ್ನು ಬಂದದ್ದಕ್ಕಿಂತ ಹೆಚ್ಚು ಜೋಪಾನವಾಗಿ ಸುತ್ತಿಕೊಂಡು ಹೋದ.

“ಸಾರ್, ಅದು ಹಿತ್ತಾಳೆ ಅಲ್ವಾ?” ಎಂದೆ.

“ಅವನಜ್ಜಿ ಗೊತ್ತಿದ್ದೂ ಹೇಳಿಲ್ಲ. ನಾನ್ಯಾವೂರ ದಾಸಯ್ಯ ಹೇಳೋಕೆ?”

ಆಮೇಲೆ ಮೆಷಿನ್ನು ಬಂತು. ಒಡವೆಯನ್ನು ಅದರ ಹೊಟ್ಟೆಯೊಳಗಿಟ್ಟರೆ ಕ್ಷಣದಲ್ಲಿ ಎಷ್ಟು ಚಿನ್ನ, ಎಷ್ಟು ತಾಮ್ರ ಎಂದು ಪರದೆಯ ಮೇಲೆ ಬೊಗಳುತ್ತದೆ. ಮಾರಲು ಬಂದವನು ಪರದೆಯನ್ನು ಗಿರಾಕಿಯ ಕಡೆಗೇ ತಿರುಗಿಸಿಟ್ಟು ಹೋದ. ಆಚಾರ್ರು ಅವನು ಮೆಟ್ಟಿಲಿಳಿಯುವುದನ್ನೇ ಕಾದು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಚಿತ್ರವೂ ಕಂಪ್ಯೂಟರಿಗೆ ಹೋಯಿತು. ಮೇಣದ ಅಚ್ಚು ತೆಗೆಯುವುದು ಬೇರೆಲ್ಲೋ, ಎರಕ ಇನ್ನೆಲ್ಲೋ. ಅನುಕೂಲ ಇಲ್ಲವೆನ್ನಲಾರೆ. ಆದರೆ ಊದುಗೊಳವೆಯ ತುದಿಯಲ್ಲಿ ಜ್ವಾಲೆ ಸೂಜಿಯಷ್ಟಾಗಿ, ಮೂಸೆಯಲ್ಲಿದ್ದ ಚಿನ್ನ ಒಮ್ಮೆಲೇ ಮೈ ಬಿಟ್ಟು ಕಣ್ಣು ತೆರೆದಂತೆ ಹೊಳೆಯುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ನಾನು ಇನ್ನೊಂದು ಶ್ವಾಸಕೋಶ ಕೊಡಬಲ್ಲೆ. ಈಗಲೂ ಹೋಗುತ್ತಿರುತ್ತೇನೆ. ಆಚಾರ್ರು ಹೊಸ್ತಿಲಲ್ಲೇ ತಡೆಯುತ್ತಾರೆ: “ಅಲ್ಲೇ ನಿಂತ್ಕೊಳೋ, ಒಳಗೆ ದೂಳಿದೆ.” ನಿಂತುಕೊಳ್ಳುತ್ತೇನೆ. ಅರದ ಸದ್ದು ಕೇಳಿ ಯಾವ ಅರ ಎಂದು ಹೇಳುತ್ತೇನೆ. ಅವರು ಸರಿ ಎಂದು ತಲೆಯಾಡಿಸುತ್ತಾರೆ. ಅಷ್ಟಾದರೆ ಮನೆಗೆ ಬರುತ್ತೇನೆ.

ಇನ್ನು ಅಂಗಡಿಯ ಒಂದು ಪದ್ಧತಿ ಹೇಳಬೇಕು. ಎಲ್ಲಾ ಆದದ್ದು ಅದರಿಂದಲೇ. ಯಾವ ಒಡವೆಯನ್ನಾಗಲಿ ಕರಗಿಸುವ ಮುಂಚೆ ಆಚಾರ್ರು ಅದನ್ನು ತಂದವರ ಕೈಗೆ ಕೊಟ್ಟು, “ಒಂದ್ಸಲ ಹಾಕ್ಕೊಂಡುಬಿಡಿ” ಅನ್ನುತ್ತಿದ್ದರು. ಗೋಡೆಯಲ್ಲಿ ಅದಕ್ಕೆಂದೇ ಒಂದು ಕನ್ನಡಿ. ಕೆಲವರು ನಾಚಿ ನಗುತ್ತಿದ್ದರು. ಕೆಲವರು ಅಮ್ಮನ ಹಾಗೆ ಸೆರಗು ಎಳೆದುಕೊಳ್ಳುತ್ತಿದ್ದರು. ನಿವೃತ್ತ ಮೇಷ್ಟರೊಬ್ಬರು ತೀರಿಕೊಂಡ ಹೆಂಡತಿಯ ಓಲೆಗಳನ್ನು ತಮ್ಮ ಕಿವಿಯ ಪಕ್ಕ ಹಿಡಿದು ಬಹಳ ಹೊತ್ತು ನಿಂತು, “ನನಗೆ ಒಪ್ಪಲ್ಲ ಬಿಡಿ” ಎಂದಿದ್ದರು. ಆ ದಿನ ನಾನು ಯಾರ ದನಿಯನ್ನೂ ತೆಗೆಯಲಿಲ್ಲ.

ಜಯಮ್ಮನವರು ಬಂದದ್ದು ಗೌರಿ ಹಬ್ಬಕ್ಕೆ ಒಂದು ತಿಂಗಳಿರುವಾಗ. ಪುಟ್ಟೇನಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವ ಮನೆತನ. ರಾಗಿ ಬೆಳೆದ ಹೊಲದಲ್ಲಿ ಈಗ ಮೂರು ಬಾಡಿಗೆ ಮನೆಗಳು. ಸೊಂಟದ ಚೀಲದಿಂದ ಗುಂಡಿನ ಸರ ತೆಗೆದು ಕೌಂಟರಿನ ಮೇಲೆ ಸುರುವಿದರು. ಅದು ಟೊಳ್ಳು ಗುಂಡುಗಳ ಹಳೇ ಸರ, ಒಳಗೆ ಅರಗು ತುಂಬಿದ್ದು. ಚಿನ್ನ ಎಲೆಯಷ್ಟು ತೆಳು. ಉಗುರು ಒತ್ತಿದರೂ ಗುರುತು ಬೀಳುತ್ತದೆ.

“ಇವಿಷ್ಟೂ ಕರಗ್ಸಿ ನನ್ ಮೊಮ್ಮಗ್ಳಿಗೆ ಬಳೆ ಮಾಡಪ್ಪ. ಮಗನ ಮಗ್ಳು. ಈ ಏಳು ಮಾತ್ರ ಬ್ಯಾರೆ. ಇವನ್ನ ಕರಗ್ಸಬ್ಯಾಡ. ಕೈಗಾಕ್ಕಳೋ ಅಂಗೆ ಒಂದೆಳೆ ಸರಪಣೀಲಿ ಪೋಣಿಸ್ಬುಡು. ನನ್ ಮಗ್ಳಿಗೆ.”

ಏಳು ಗುಂಡುಗಳನ್ನು ನೋಡಿದೆ. ಇಡೀ ಸರದಲ್ಲಿ ಜಜ್ಜಿದ್ದವು ಅವೇ. ಒಂದೊಂದರಲ್ಲೂ ಎರಡು ಮೂರು ಸಣ್ಣ ತಗ್ಗು.

“ಅಮ್ಮಾ, ಇವು ತಗ್ಗಾಗಿವೆಯಲ್ಲ?”

“ಅವು ಅಂಗೇ ಇರ್ಲಿ.”

“ಮಗಳ ಫೋನ್ ನಂಬರ್ ಕೊಡಿ, ವಿಳಾಸ ಹೇಳಿ.”

ಮೊಮ್ಮಗಳ ಕೈಬರಹದಲ್ಲಿ ನಂಬರಿದ್ದ ಚೀಟಿ ಕೊಟ್ಟರು. “ಸುಮ ಅಂತ. ಬಿಟಿಎಂ ಲೇಔಟು. ಹಬ್ಬದೊಳ್ಗೆ ನೀನೇ ಫೋನ್ ಮಾಡಿ ಕರ್ದು ಕೊಟ್ಬುಡು.”

“ಬಿಟಿಎಂ ಏನು ಬಾಂಬೇನಾ? ಅರ್ಧ ಗಂಟೆ ದಾರಿ. ನೀವೇ ಕೊಡಬಹುದಲ್ಲಮ್ಮ?”

“ನಿನ್ ಕೆಲ್ಸ ನೀನ್ ನೋಡ್ಕಳಪ್ಪ.”

ಆಗ ನಾನೇನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಆ ‘ಬ್ಯಾಡ’, ಆ ‘ಅಂಗೇ’, ವಾಕ್ಯದ ಕೊನೆಗೆ ಕಲ್ಲು ಎಸೆದಂತೆ ನಿಲ್ಲುವ ಆ ದನಿ, ಎಲ್ಲವನ್ನೂ ಮನಸ್ಸಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಅವರು ಹೋದಮೇಲೆ ಕನ್ನಡಿಯ ಮುಂದೆ ನಿಂತು ನಾಲ್ಕು ಸಲ “ನಿನ್ ಕೆಲ್ಸ ನೀನ್ ನೋಡ್ಕಳಪ್ಪ” ಅಂದುಕೊಂಡೆ. ಸಖತ್ತಾಗಿ ಬಂತು.

ಆ ವಾರ ಆಚಾರ್ರು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಒಳಗಿನ ಮಣೆ ನನ್ನದೇ. ಜಯಮ್ಮನ ಪ್ಯಾಕೆಟ್ಟು ಬಿಚ್ಚಿದಾಗ ನನ್ನೊಳಗೆ ನ್ಯಾಯ ಕುದಿಯಿತು. ಮಗನ ಮನೆಗೆ ನಯವಾದ ಗುಂಡು, ಹೆಣ್ಣುಮಗಳಿಗೆ ಜಜ್ಜಿದ್ದು! ಅದೂ ಕೂಲಿ ಉಳಿಸಲು ಹಂಗೇ ಇರಲಿ ಅನ್ನುತ್ತಾರೆ! ಇರಲಿ, ಆ ಹೆಣ್ಣುಮಗಳಿಗೆ ಅಣ್ಣನಂತೆ ನಾನಿದ್ದೇನೆ.

ನಾಲ್ಕು ದಿನ ಹಿಡಿಯಿತು. ಒಂದೊಂದೇ ಗುಂಡನ್ನು ಬೆಚ್ಚಗೆ ಮಾಡಿ, ತೂತಿನಿಂದ ಅರಗು ತೆಗೆದು, ಬಾಗಿಸಿದ ಕಡ್ಡಿಯನ್ನು ಒಳಗೆ ತೂರಿಸಿ ತಗ್ಗನ್ನು ಒಳಗಿನಿಂದ ಎತ್ತುವುದು. ಸ್ವಲ್ಪ ಜಾಸ್ತಿ ಒತ್ತಿದರೆ ಹರಿಯುತ್ತದೆ. ಆಚಾರ್ರು ನನಗದನ್ನು ಎಂದೂ ಒಂಟಿಯಾಗಿ ಬಿಟ್ಟುಕೊಟ್ಟಿರಲಿಲ್ಲ. ಏಳೂ ಗುಂಡು ಆಗತಾನೇ ಹುಟ್ಟಿದ ಹಾಗಾದವು. ಹೊಸ ಅರಗು ತುಂಬಿ, ಅವರು ಕೊನೆಯ ಸಲ ಹಾಕಿಕೊಳ್ಳಲೆಂದು ಮತ್ತೆ ಸರಕ್ಕೆ ಪೋಣಿಸಿ ಇಟ್ಟಾಗ ಯಾವುದು ಜಜ್ಜಿತ್ತು ಯಾವುದು ಇಲ್ಲ ಎಂದು ನನಗೇ ತಿಳಿಯಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ವಾಪಸಾದ ಆಚಾರ್ರಿಗೆ ನಾನಿದನ್ನು ಹೇಳಲಿಲ್ಲ. ಸರ್‌ಪ್ರೈಸ್ ಇರಲಿ ಎಂದು.

ಕರಗಿಸುವ ದಿನ ಜಯಮ್ಮ ಬಂದರು. “ಒಂದ್ಸಲ ಹಾಕ್ಕೊಂಡುಬಿಡಿ ತಾಯಿ” ಎಂದರು ಆಚಾರ್ರು. ಅವರು ಹಾಕಿಕೊಂಡು ಕನ್ನಡಿ ನೋಡಿದರು. ಕೈ ತಾನಾಗಿ ಮೇಲೆ ಹೋಯಿತು. ಬೆರಳುಗಳು ಜಪದ ಮಣಿ ಎಣಿಸುವಂತೆ ಗುಂಡಿನಿಂದ ಗುಂಡಿಗೆ ಸರಿದು, ಎಡ ಹೆಗಲಿನ ಕೆಳಗೆ ಬಂದು ನಿಂತವು. ಹಿಂದಕ್ಕೆ ಹೋದವು. ಮತ್ತೆ ಮುಂದಕ್ಕೆ ಬಂದವು.

“ಎಲ್ಲವಪ್ಪಾ ಅವು?”

“ಎಲ್ಲಾ ಎತ್ತಿ ಸಮ ಮಾಡಿದೀನಮ್ಮ!” ನನ್ನ ಎದೆ ಇಷ್ಟಗಲ. “ಫ್ರೀ!”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಒಂದು ದನಿಯಾದರೂ ಸಿಗುತ್ತಿತ್ತು. ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂತು, ಸರ ಕೈಯಲ್ಲಿ ಹಿಡಿದುಕೊಂಡೇ ಆಚಾರ್ರಿಗೆ ಹೇಳಿದರು: “ನನ್ ಮಗ್ಳಿಗೆ ಹಲ್ ಬರೋ ಕಾಲ್ದಲ್ಲಿ ಮಡಿಲಲ್ ಮಲ್ಗಿ ಇದನ್ನೇ ಕಚ್ಚೋಳು. ಅವರಪ್ಪ ಬಿಚ್ಚಿಡೇ ಅನ್ನೋರು. ನಾನ್ ಬಿಚ್ತಿರ್ಲಿಲ್ಲ. ದೊಡ್ಡೋಳಾದ್ ಮ್ಯಾಲೂ ‘ಅಮ್ಮ ನನ್ ಹಲ್ ತೋರ್ಸು’ ಅಂತ ಬೆರ್ಳಿಟ್ಟು ನೋಡೋಳು.”

ಸುಮ ತಾನೇ ಮೆಚ್ಚಿದವನನ್ನು ಮದುವೆಯಾಗಿದ್ದಳು. ಆಗ ಅಪ್ಪ ಗೇಟು ಹಾಕಿದರು. ಆಮೇಲೆ ಅಪ್ಪ ತೀರಿಕೊಂಡರು, ಗೇಟು ಹಾಗೇ ಉಳಿಯಿತು. ಮೊದಲು ಯಾರು ಮಾತಾಡಬೇಕು ಎಂಬುದರಲ್ಲೇ ಹನ್ನೊಂದು ಗೌರಿ ಹಬ್ಬ ಬಾಗಿನವಿಲ್ಲದೆ ಹೋಗಿದ್ದವು.

“ಅಂಗೇ ಇರ್ಲಿ ಅಂದಿದ್ದೆ. ಇವನ್ನ ನೋಡಿದ್ರೆ ಅವ್ಳಿಗೆ ಗೊತ್ತಾಗೋದು. ನಾನೇನೂ ಬಾಯ್ಬಿಟ್ ಏಳ್ಬೇಕಾಗಿರ್ಲಿಲ್ಲ,” ಎಂದರು ಜಯಮ್ಮ. “ಈಗ ಬರೀ ಚಿನ್ನ ಕಳ್ಸಿದ್ರೆ, ಪಾಲು ಬಿಸಾಕಿ ಕೈ ತೊಳ್ಕಂಡ್ಳು ಅನ್ಕತಾಳೆ.”

ಸರವನ್ನು ಕೌಂಟರಿನ ಮೇಲಿಟ್ಟು ಹೊರಟುಹೋದರು. ಆಚಾರ್ರು ಕನ್ನಡಕ ತೆಗೆದು, ನೀರು ಸುರಿಯುವ ಕಣ್ಣಿನಿಂದಲೇ ನನ್ನನ್ನು ನೋಡಿದರು. ಈ ಸಲ ‘ಹ್ಞಾಂ’ ಕೂಡ ಇರಲಿಲ್ಲ. “ಆಯಮ್ಮ ಹಂಗೇ ಇರ್ಲಿ ಅಂದಿದ್ರಂತೆ. ನೀನು ಆಯಮ್ಮನ ದನಿ ಕೇಳ್ದೆ. ಮಾತು ಕೇಳ್ಲಿಲ್ಲ.”

ತಂಗಿ ತಮ್ಮಂದಿರೇ, ಟಿಪ್ಸ್ ಕೇಳಿದಿರಲ್ಲ, ಹನ್ನೆರಡು ವರ್ಷದ ಗಂಟು ಇದೇ. ನಾನದನ್ನು ಅಂದೇ ಕಲಿತೆ ಎಂದುಕೊಳ್ಳಬೇಡಿ. ನನ್ನ ದಡ್ಡತನಕ್ಕೆ ಎರಡನೇ ಭಾಗವಿದೆ.

ಒಡವೆ ಬಂದಾಗ ಮೊಬೈಲಿನಲ್ಲಿ ಎರಡೂ ಕಡೆಯಿಂದ ಫೋಟೋ ತೆಗೆದಿಡುವುದು ನಮ್ಮ ಕ್ರಮ. ಆ ಫೋಟೋ ಇತ್ತಲ್ಲ! ಮನುಷ್ಯರ ದನಿಯನ್ನೇ ತೆಗೆಯುವವನಿಗೆ ಒಂದು ಕೂಸಿನ ಹಲ್ಲು ಎಷ್ಟರದು? ಫೋಟೋ ಹಿಗ್ಗಿಸಿಟ್ಟುಕೊಂಡು ಒಂದು ಗುಂಡಿನ ಮೇಲೆ ಮೊಂಡು ಉಳಿಯಿಂದ ಒತ್ತಿ ನೋಡಿದೆ. ಆಣಿ ಬಡಿದ ಹಾಗಾಯಿತು. ಇಕ್ಕಳದಿಂದ ಹಿಡಿದೆ. ಇಕ್ಕಳದ ಹಾಗೇ ಆಯಿತು. ಕೊನೆಗೆ ಆ ಕಡೆ ಈ ಕಡೆ ನೋಡಿ, ಗುಂಡನ್ನು ಬಾಯಿಗಿಟ್ಟುಕೊಂಡು ಕಚ್ಚಿದೆ.

“ಏನೋ ಅದು ಬಾಯಲ್ಲಿ?” ಬೆನ್ನ ಹಿಂದೆ ಆಚಾರ್ರು.

ಗುಂಡು ಬಾಯಲ್ಲಿರುವಾಗ ಯಾವ ದನಿಯೂ ಸರಿಯಾಗಿ ಬರುವುದಿಲ್ಲ. “ಮಿಮಿಕ್ರಿ ಸಾರ್” ಎಂದೆ.

ಅವರು ತಲೆ ಚಚ್ಚಿಕೊಂಡರು. “ನೀನೇ ಫೋನ್ ಮಾಡಿ ಕರಿ. ನೀನೇ ತೋರಿಸು. ನಾನು ಇದರಲ್ಲಿಲ್ಲ.”

ಜಯಮ್ಮ ಬಂದರು. ಗುಂಡನ್ನು ಬೆಳಕಿಗೆ ಹಿಡಿಯಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಒಂದು ಸುತ್ತು ತಡವಿದರು. ಆಮೇಲೆ ಕಣ್ಣು ಬಿಟ್ಟು ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು.

“ನನ್ ಮಗ್ಳಿಗೆ ಆಗ ಎಲ್ಡೇ ಹಲ್ಲು ಕಣಪ್ಪ. ಇದ್ಯಾವ್ ಕತ್ತೆ ಕಚ್ಚಿರೋದು?”

ಒಳಗೆ ಆಚಾರ್ರು ನಕ್ಕು ಕೆಮ್ಮಿದರು. ಜಯಮ್ಮನ ತುಟಿಯೂ ಒಂದು ಎಳೆ ಸರಿಯಿತು. ಆದರೆ ಅಲ್ಲಿಗೇ ನಿಂತಿತು. “ಸಾಕು, ಇನ್ ಮುಟ್ಬ್ಯಾಡ. ಹಬ್ಬದೊಳ್ಗೆ ಅವ್ಳು ಬಂದ್ರೆ ಕೊಡು. ಬರ್ನಿಲ್ಲ ಅಂದ್ರೆ ಇವ್ನೂ ಕರಗ್ಸಿ ಬಳೇಗೇ ಸೇರ್ಸು.”

ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಸುಮ ಅವರ ನಂಬರ್ ಒತ್ತಿದೆ. ತಾಯಿಯ ದನಿಯಲ್ಲೇ ಕರೆದುಬಿಡಲೇ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳು. ಆಚಾರ್ರು ಎದುರಿಗೇ ಕೂತಿದ್ದರು. ನನ್ನದೇ ದನಿಯಲ್ಲಿ ಮಾತಾಡಿದೆ. ಇಂಥಾ ಅಂಗಡಿ, ನಿಮ್ಮ ತಾಯಿ ನಿಮಗೊಂದು ಒಡವೆ ಮಾಡಿಸಿದ್ದಾರೆ.

ಆ ಕಡೆ ಶಾಲೆಯ ಗಲಾಟೆ. ಆಕೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದರು. “ನಾನ್ಯಾವತ್ತೂ ಪಾಲು ಕೇಳಿಲ್ಲ. ಬೇಡ ಅಂತ ಹೇಳ್ಬಿಡಿ.”

ಜಯಮ್ಮ ಹೆದರಿದ್ದ ಮಾತೇ. “ಪಾಲಲ್ಲ ಮೇಡಂ,” ಎಂದೆ. “ನಾನೊಂದು ತಪ್ಪು ಮಾಡಿದೀನಿ. ನನಗೆ ಬೈಯೋಕಾದ್ರೂ ಒಂದ್ಸಲ ಬನ್ನಿ.”

ಬೈಯುವ ಅವಕಾಶವನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ. ಶನಿವಾರ ಮಧ್ಯಾಹ್ನ ಬಂದರು. ಮೆಟ್ಟಿಲು ಹತ್ತುವ ರೀತಿ, ವ್ಯಾನಿಟಿ ಬ್ಯಾಗನ್ನು ಕೌಂಟರಿನ ಮೇಲೆ ಕುಕ್ಕುವ ರೀತಿ, ಎಲ್ಲಾ ತಾಯಿಯದೇ. ಸರಪಣಿಯಲ್ಲಿ ಪೋಣಿಸಿದ ಏಳು ಗುಂಡುಗಳನ್ನು ಮುಂದಿಟ್ಟೆ. ಆರು ನುಣ್ಣಗೆ, ಒಂದು ನನ್ನಿಂದ ಕಚ್ಚಿಸಿಕೊಂಡದ್ದು. ಆಕೆ ಗುರುತು ಹಿಡಿಯಲಿಲ್ಲ. “ಏನಿದು?” ಎಂದರು.

ಫೋಟೋ ತೆಗೆದು ಕೊಟ್ಟೆ. ಆಕೆ ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದರು. ಇನ್ನೂ ಹಿಗ್ಗಿಸಿದರು. ಚಿತ್ರ ಒಡೆದು ಬರೀ ಹಳದಿ ಚೌಕಗಳಾದರೂ ನೋಡುತ್ತಲೇ ಇದ್ದರು. ತೋರುಬೆರಳು ಗಾಜಿನ ಮೇಲೆ ಒಂದು ಕಡೆ ಹೋಗಿ ಕೂತಿತು. ಚಿಕ್ಕವಳಾಗಿದ್ದಾಗ ಇಡುತ್ತಿದ್ದ ಜಾಗವಿರಬೇಕು. ನಾನು ಎಲ್ಲಾ ಹೇಳಿದೆ. ಎತ್ತಿದ್ದು, ಕಚ್ಚಿದ್ದು, ಕರಗಿಸು ಎಂದದ್ದು.

“ಕಚ್ಚಿದ್ದು ನೋಡಿ ಅಮ್ಮ ಏನಂದ್ರು?”

ಸುಮ್ಮನೆ ವರದಿ ಒಪ್ಪಿಸುವವನಿದ್ದೆ. ಆದರೆ ಬಾಯಿ ತೆರೆದಾಗ ಬಂದದ್ದು ನನ್ನ ದನಿಯಲ್ಲ. “ನನ್ ಮಗ್ಳಿಗೆ ಆಗ ಎಲ್ಡೇ ಹಲ್ಲು ಕಣಪ್ಪ. ಇದ್ಯಾವ್ ಕತ್ತೆ ಕಚ್ಚಿರೋದು?”

ಒಳಗೆ ಆಚಾರ್ರ ಸುತ್ತಿಗೆ ನಿಂತಿತು. ಸುಮ ಗೋಡೆಯ ಕಡೆ ತಿರುಗಿದರು. ಹೆಗಲು ಅಲುಗುತ್ತಿತ್ತು, ನಗುವೋ ಅಳುವೋ ಹಿಂದಿನಿಂದ ಗೊತ್ತಾಗುವಂತಿರಲಿಲ್ಲ. ಆಮೇಲೆ ಬ್ಯಾಗಿನಿಂದ ಫೋನ್ ತೆಗೆದರು. ಹೆಸರು ಹುಡುಕಲಿಲ್ಲ. ಹತ್ತು ಅಂಕಿಗಳನ್ನೂ ಒಂದೊಂದಾಗಿ, ತಡವರಿಸದೆ ಒತ್ತಿದರು. ಕೊನೆಗೆ ಬೆರಳು ಸ್ಪೀಕರಿಗೂ ತಾಗಿತು. ಅದನ್ನು ಅವರು ಗಮನಿಸಲಿಲ್ಲ, ನಾನೂ ಹೇಳಲಿಲ್ಲ.

“ಯಾರು?” ಎಂದಿತು ಜಯಮ್ಮನ ದನಿ, ಅಸಲಿಯದು.

“ನಾನು.”

ಆ ಕಡೆ ಎಲ್ಲೋ ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಯಿತು. ಕೆಳಗಿನ ಟೈಲರಿನ ಮೆಷಿನ್ನು ಓಡಿತು, ನಿಂತಿತು, ಮತ್ತೆ ಓಡಿತು.

“ಎರಡಲ್ಲ ಕಣಮ್ಮ,” ಎಂದರು ಸುಮ, ಮೂಗು ಒರೆಸಿಕೊಳ್ಳುತ್ತಾ. “ನಾಲ್ಕಿತ್ತು.”

“ಫೋನಲ್ ಹಲ್ ಎಣ್ಸಕ್ಕಾಯ್ತದಾ? ಬಾಯ್ ತಗಂಡ್ ಮನೆಗ್ ಬಾ.”